ಪಕ್ಕದ ಮನೆ ಬೇಲಿಯ ಬಂಗಾರ

ಲಂಡನ್ನಿನ ಹಳೆಯ ಮನೆಗಳ ಗೋಡೆಯ ಮೇಲೆ ನೀಲಿ ಬಣ್ಣದ ದುಂಡನೆಯ ಫಲಕಗಳಿರುತ್ತವೆ. ಇಂಥ ದೊಡ್ಡವರು ಇಂಥ ವರ್ಷದಿಂದ ಇಂಥ ವರ್ಷದವರೆಗೆ ಇಲ್ಲಿ ವಾಸವಾಗಿದ್ದರು ಎಂದು ಬರೆದಿರುತ್ತದೆ. ಬಸ್ಸು ತಪ್ಪಿದರೂ ಚಿಂತೆಯಿಲ್ಲ, ಕೈಚೀಲದ ಭಾರಕ್ಕೆ ಬೆರಳು ಕೆಂಪಾದರೂ ಚಿಂತೆಯಿಲ್ಲ, ಅಂಥದೊಂದು ಕಂಡರೆ ನಾನು ನಿಂತು ಓದಲೇಬೇಕು. ಓದಿದ ಮೇಲೆ ಮನಸ್ಸಿನಲ್ಲೇ ಒಂದು ವ್ಯವಕಲನ. ಈ ಪುಣ್ಯಾತ್ಮ ಈ ಮನೆಯಲ್ಲಿ ಎಷ್ಟು ವರ್ಷ ಇದ್ದ? ಬರೀ ಎರಡೇ ವರ್ಷ ಎಂದು ಗೊತ್ತಾದರೆ ನನಗೆ ಏನೋ ಒಂದು ಸಮಾಧಾನ. ಇಷ್ಟು ದೊಡ್ಡ ಮನುಷ್ಯನಿಗೇ ಒಂದು ಕಡೆ ಇರಲು ಆಗಲಿಲ್ಲ, ಇನ್ನು ನನ್ನದೇನು ಮಹಾ!

ಈ ಚಟ ಹತ್ತಿಸಿದವರು ನಮ್ಮ ಮಾವನವರು. ಅವರು ಹತ್ತಿಸಿದ ಉದ್ದೇಶ ಬೇರೆಯೇ ಇತ್ತು. ಅದನ್ನು ಹೇಳುವ ಮೊದಲು ನನ್ನ ಸ್ವಭಾವದ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದೆಲ್ಲ ನಿಮಗೆ ಹುಚ್ಚಾಟದಂತೆ ಕಾಣುತ್ತದೆ.

ನನ್ನ ಅಪ್ಪ ತಾಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಎರಡು ವರ್ಷಕ್ಕೊಮ್ಮೆ ವರ್ಗ. ಸವದತ್ತಿ, ರಾಮದುರ್ಗ, ನರಗುಂದ, ಮುಂದೆ ಇನ್ನೆಲ್ಲೋ. ಹೊಸ ಊರಿಗೆ ಹೋದ ವಾರದಲ್ಲೇ ಯಾರ ಹಿತ್ತಲಿನಲ್ಲಿ ಪೇರಲ ಗಿಡವಿದೆ, ಯಾವ ಮನೆಯ ಮುದುಕಿ ಬಾಯಿ ಮಾಡುತ್ತಾಳೆ ಎಂದು ಪತ್ತೆ ಮಾಡುತ್ತಿದ್ದೆ. ಸಾಲೆಯಲ್ಲಿ ಯಾರ ಜೊತೆಗಾದರೂ ಜಗಳವಾದರೆ ರಾಜಿ ಮಾಡಿಕೊಳ್ಳುವ ತಾಪತ್ರಯ ನನಗಿರಲಿಲ್ಲ. ‘ಹೋಗಲೇ, ಮುಂದಿನ ಜೂನಿಗೆ ನಾನು ಇಲ್ಲಿ ಇರೋದೇ ಇಲ್ಲ’ ಎಂದು ನಾಲಿಗೆ ಚಾಚಿದರೆ ಮುಗಿಯಿತು. ಅಪ್ಪನಿಗೆ ವರ್ಗವಾಗುತ್ತಿತ್ತು, ಜಗಳ ಅಲ್ಲೇ ಉಳಿಯುತ್ತಿತ್ತು, ನಾವು ಎತ್ತಿನ ಗಾಡಿಯ ಮೇಲೆ ಹಾಸಿಗೆ ಸುರುಳಿಯ ಜೊತೆ ಮುಂದಿನ ಊರಿಗೆ. ಇವಳ ಕಾಲಲ್ಲಿ ಚಕ್ರ ಇದೆ ಎಂದು ಅವ್ವ ಅನ್ನುತ್ತಿದ್ದಳು.

ಮದುವೆಯಾಗಿ ಲಂಡನ್ನಿಗೆ ಬಂದರೆ ಇಲ್ಲಿ ಯಾರೂ ನಮ್ಮನ್ನು ವರ್ಗ ಮಾಡುವವರೇ ಇಲ್ಲ! ಹಾಗಾಗಿ ಆ ಕೆಲಸವನ್ನು ನಾನೇ ವಹಿಸಿಕೊಂಡೆ. ಸ್ಟ್ರಾಟ್‌ಫರ್ಡ್‌ನ ಫ್ಲಾಟಿನ ಲಿಫ್ಟ್ ವಾಸನೆ ಎಂದು ಬಿಟ್ಟೆವು. ಆಗಿನ್ನೂ ಅಲ್ಲಿ ದೊಡ್ಡ ಮಾಲ್ ಬಂದಿರಲಿಲ್ಲ, ರೈಲಿನ ಹಳಿಗಳು, ಗೋದಾಮುಗಳು, ಮಂಕಾದ ಅಂಗಡಿಸಾಲು ಅಷ್ಟೆ. ಈಸ್ಟ್ ಹ್ಯಾಮ್‌ನಲ್ಲಿ ಮನೆಯ ಮಾಲೀಕ ಕೇಳದೆ ಒಳಗೆ ಬರುತ್ತಾನೆ ಎಂದು ಬಿಟ್ಟೆವು. ಎಜ್‌ವೇರನ್ನು ಯಾಕೆ ಬಿಟ್ಟೆವೋ ಈಗ ನೆನಪಿಲ್ಲ, ಬಹುಶಃ ಅಲ್ಲಿ ಯಾರೂ ಜಗಳಕ್ಕೇ ಸಿಗಲಿಲ್ಲ. ಆಮೇಲೆ ಹ್ಯಾರೋದಲ್ಲಿ ಒಂದು ಸ್ವಂತ ಮನೆ ಕೊಂಡೆವು, ಎರಡು ಮನೆಗಳಿಗೆ ನಡುವೆ ಒಂದೇ ಗೋಡೆ ಇರುತ್ತದಲ್ಲ, ಅಂಥದು. ನಮ್ಮವರು ನಾನು ಹೇಳಿದ್ದಕ್ಕೆಲ್ಲ ‘ಹಂಗಾರ ಹಂಗ’ ಅನ್ನುವ ಮನುಷ್ಯ. ಪಾಪ, ಎಲ್ಲ ಸಲವೂ ಅನುಭವಿಸಿದವಳು ನಮ್ಮ ಮಗಳು ರೂಪಾ. ಹ್ಯಾರೋ ಮುಟ್ಟುವ ಹೊತ್ತಿಗೆ ಅವಳಿಗೆ ಹದಿಮೂರು, ಅದು ಅವಳ ನಾಲ್ಕನೆಯ ಶಾಲೆ. ಅಲ್ಲಿ ಮೊದಲನೇ ಸಲ ಅವಳಿಗೊಬ್ಬ ಗೆಳತಿ ಸಿಕ್ಕಿದ್ದಳು, ಫೋನಿನಲ್ಲಿ ಗಂಟೆಗಟ್ಟಲೆ ಪಿಸುಗುಟ್ಟುವಂಥ ಗೆಳತಿ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಆ ವರ್ಷ ಬೇಸಿಗೆಯಲ್ಲಿ ವಿಜಾಪುರದಿಂದ ಮಾವನವರು ಬಂದರು. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಲಂಡನ್ನಿಗೆ ಬರುವ ಅಪ್ಪ ಅಮ್ಮಂದಿರಿಗೆ ನಾವೆಲ್ಲ ತೋರಿಸುವ ಜಾಗಗಳದ್ದೇ ಒಂದು ಪಟ್ಟಿಯಿದೆ: ಅರಮನೆ, ಸೇತುವೆ, ಗಡಿಯಾರದ ಗೋಪುರ, ಮೇಣದ ಬೊಂಬೆಗಳು. ಅರಮನೆಯ ಗೇಟಿನ ಮುಂದೆ ನಿಂತು ಅವರ ಫೋಟೋ ತೆಗೆಯಲು ಹೋದೆ. ಅವರು ಕ್ಯಾಮರಾಕ್ಕೆ ಬೆನ್ನು ಹಾಕಿದರು.

"ಗಿರಿಜಾ, ಇಷ್ಟು ದೂರ ನಾ ರಾಣೀ ಮನಿ ನೋಡಾಕ ಬಂದೀನೇನವಾ? ನಮ್ಮ ಹುಡುಗ್ರು ಇದ್ದ ಮನಿ ತೋರ್ಸು."

"ಯಾವ ಹುಡುಗ್ರು ಮಾವಾರ?"

"ಸ್ವಾತಂತ್ರ್ಯದ ಹುಡುಗ್ರು. ಅರ್ಧ ಸ್ವಾತಂತ್ರ್ಯದ ಜಗಳ ಇದೇ ಊರಾಗ ಆಗೇತಿ, ಗೊತ್ತೈತೇನ್ ನಿನಗ?"

ನನಗೆ ಗೊತ್ತಿರಲಿಲ್ಲ. ಆದರೆ ಮನೆ ಬಿಟ್ಟು ತಿರುಗುವುದಕ್ಕೆ ನೆಪ ಸಿಕ್ಕರೆ ನಾನು ಬೇಡ ಎನ್ನುವವಳೇ? ಶನಿವಾರ ಬಂತೆಂದರೆ ಟ್ಯೂಬ್ ಎನ್ನುವ ನೆಲದಡಿಯ ರೈಲು ಹತ್ತಿ ಹೊರಡುತ್ತಿದ್ದೆವು. ಮೊದಲು ಹೋದದ್ದು ಹೈಗೇಟಿಗೆ. ದಿಬ್ಬದ ಮೇಲಿನ ಬೀದಿ, ಕೆಂಪು ಇಟ್ಟಿಗೆಯ ಒಂದು ಮನೆ. ಇಪ್ಪತ್ತನೇ ಶತಮಾನದ ಮೊದಮೊದಲಲ್ಲಿ ನಮ್ಮ ದೇಶದ ವಿದ್ಯಾರ್ಥಿಗಳು ಅಲ್ಲಿ ಒಟ್ಟಿಗೆ ಇದ್ದರಂತೆ. ಈಗ ಕಿಟಕಿಯಲ್ಲಿ ಯಾರದೋ ಬೆಕ್ಕು ಮಲಗಿತ್ತು. ಮಾವನವರು ಚಪ್ಪಲಿ ಬಿಡಲಿಲ್ಲ ಅಷ್ಟೆ, ನಿಂತದ್ದು ಮಾತ್ರ ಗುಡಿಯ ಮುಂದೆ ನಿಂತ ಹಾಗೆಯೇ.

"ಹಗಲೆಲ್ಲಾ ವಕೀಲಕಿ ಓದೋದು, ಸಂಜೀಕೆ ಪಿಸ್ತೂಲ್ ಹಿಡಿಯೂದು ಕಲಿಯೂದು. ಇಪ್ಪತ್ತು ಇಪ್ಪತ್ತೆರಡು ವರ್ಷದವರವಾ. ಒಬ್ಬಾಂವ ಇದೇ ಊರಾಗ ಗುಂಡು ಹಾರಿಸಿದ, ಇದೇ ಊರಾಗ ನೇಣಿಗೇರಿದ. ಅವನ ವಯಸ್ಸಿನ್ಯಾಗ ನಾ ಬಿ.ಎ. ಫೇಲಾಗಿ ಕುಂತಿದ್ದೆ."

ಸರಿಯಾಗಿ ಆ ಹೊತ್ತಿಗೇ ದಕ್ಷಿಣ ಆಫ್ರಿಕಾದಿಂದ ಮಹಾತ್ಮರು ಲಂಡನ್ನಿಗೆ ಬಂದಿದ್ದರಂತೆ. ಆಗ ಅವರಿನ್ನೂ ಮಹಾತ್ಮರಾಗಿರಲಿಲ್ಲ, ಕೋಟು ಹಾಕಿದ ಒಬ್ಬ ವಕೀಲ. ಪಿಸ್ತೂಲಿನ ಹುಡುಗರೂ ಅವರೂ ಒಂದು ದಸರೆಯ ಊಟಕ್ಕೆ ಇದೇ ಲಂಡನ್ನಿನಲ್ಲಿ ಒಂದೇ ಪಂಕ್ತಿಯಲ್ಲಿ ಕೂತರಂತೆ. ಒಂದು ಕಡೆಯವರು ದುರ್ಗೆಯ ಕೈಯ ಆಯುಧ ನೋಡಿ ಎಂದರು, ಇವರು ರಾಮ ಅನುಭವಿಸಿದ ಕಷ್ಟ ನೋಡಿ ಎಂದರು. ಜಗಳ ಅಲ್ಲಿಗೆ ಮುಗಿಯಲಿಲ್ಲ. ವಾಪಸು ಹೋಗುವಾಗ ಮಹಾತ್ಮರು ಹಡಗಿನಲ್ಲಿ ಕೂತು ಆ ಹುಡುಗರಿಗೆ ಉತ್ತರ ಬರೆಯತೊಡಗಿದರು. ಬಲಗೈ ಸೋತಾಗ ಎಡಗೈಯಲ್ಲಿ ಬರೆದರು. ಕೊಂದು ಪಡೆದ ರಾಜ್ಯವನ್ನು ಕೊಲ್ಲಬಲ್ಲವರೇ ಆಳುತ್ತಾರೆ, ಜನಕ್ಕೇನು ಬಂತು ಎನ್ನುವುದು ಅವರ ವಾದದ ತಿರುಳು ಎಂದು ಮಾವನವರು ಟ್ಯೂಬಿನಲ್ಲಿ ಕಂಬ ಹಿಡಿದು ನಿಂತು ತರಗತಿಯ ದನಿಯಲ್ಲಿ ಹೇಳುತ್ತಿದ್ದರೆ, ಎದುರಿನ ಬಿಳಿಯ ಹೆಂಗಸು ತನ್ನನ್ನೇ ಬೈಯುತ್ತಿದ್ದಾರೇನೋ ಎಂದು ಮುದುಡಿ ಕೂತಿದ್ದಳು. ಆ ದಸರೆಯ ಊಟಕ್ಕೆ ಮಹಾತ್ಮರು ಮುಂಚೆಯೇ ಹೋಗಿ ಅಡುಗೆಮನೆಯಲ್ಲಿ ತರಕಾರಿ ಹೆಚ್ಚಿದರು ಎಂದೂ ಹೇಳಿದರು. ಎಷ್ಟು ನಿಜವೋ ಗೊತ್ತಿಲ್ಲ. ಮನೆಗೆ ಬಂದ ಮೇಲೆ ನಾನು ಈಳಿಗೆ ಮಣೆಯನ್ನು ಅವರ ಮುಂದೆ ಇಟ್ಟೆ. ಅವರು ಪೇಪರು ಓದತೊಡಗಿದರು.

ಇನ್ನೊಂದು ಶನಿವಾರ ಪೂರ್ವ ಲಂಡನ್ನಿಗೆ ಹೋದೆವು. ಮಹಾತ್ಮರು ಆಮೇಲೆ ದುಂಡು ಮೇಜಿನ ಮಾತುಕತೆಗೆ ಬಂದಾಗ ದೊಡ್ಡ ಹೋಟೆಲುಗಳನ್ನು ಬಿಟ್ಟು ಬಡವರ ಬೀದಿಯ ಒಂದು ಸಣ್ಣ ಕೋಣೆಯಲ್ಲಿ ಉಳಿದಿದ್ದರಲ್ಲ, ಅಲ್ಲಿಗೆ. ಬೆಳಗಾಗುವ ಮೊದಲೇ ಎದ್ದು ಕಾಲುವೆಯ ದಾರಿ ಹಿಡಿದು ದಾಪುಗಾಲು ಹಾಕುತ್ತಿದ್ದರಂತೆ, ಜೊತೆಯವರು ಓಡಬೇಕಾಗುತ್ತಿತ್ತಂತೆ. ಇದನ್ನು ಕೇಳಿ ನನಗೆ ಹಿಗ್ಗೋ ಹಿಗ್ಗು.

"ನೋಡ್ರಿ ಮಾವಾರ, ಅವರಿಗೂ ಒಂದು ಕಡೆ ಕೂಡಾಕ ಆಗ್ತಿರಲಿಲ್ಲ! ವಕೀಲಕಿ ಓದುವಾಗಂತೂ ಈ ಊರಾಗ ಎಷ್ಟು ಸಲ ಕೋಣೆ ಬದಲಿ ಮಾಡ್ಯಾರ!"

"ನಡೀತಿದ್ರು ಖರೇ. ನಡದು ತಿರುಗಿ ಅದೇ ಮನೀಗೆ ಬರತಿದ್ರು," ಎಂದರು ಮಾವನವರು. ಏನೋ ಚುಚ್ಚಿದ ಹಾಗಾಯಿತು, ಆದರೆ ಅಷ್ಟರಲ್ಲಿ ಬಸ್ಸು ಬಂತು.

ಚುಚ್ಚಲು ಕಾರಣವಿತ್ತು. ಮನೆಯಲ್ಲಿ ಆಗಲೇ ಗೋಡೆಯ ಜಗಳ ಶುರುವಾಗಿತ್ತು.

ವಿಜಾಪುರದವರಿಗೆ ಜೋಳದ ರೊಟ್ಟಿ ಇಲ್ಲದೆ ಊಟ ಊಟವೇ ಅಲ್ಲ. ಮಾವನವರಿಗೆ ಅದು ದಿನಾ ಬೇಕು, ಬಿಸಿಯಾಗಿ ಬೇಕು, ಹನ್ನೊಂದಕ್ಕೆಲ್ಲ ಬೇಕು. ಜೋಳದ ಹಿಟ್ಟು ಗುಜರಾತಿ ಅಂಗಡಿಯಲ್ಲಿ ಸಿಗುತ್ತಿತ್ತು. ರೊಟ್ಟಿ ಲಟ್ಟಿಸುವುದಲ್ಲ, ಅಂಗೈಯಿಂದ ಬಡಿಯುವುದು ಎಂದು ನಿಮಗೆ ಗೊತ್ತಲ್ಲ. ನನ್ನ ಕೈ ಸ್ವಲ್ಪ ಜೋರು. ಮಣೆ ಇಟ್ಟ ಕಟ್ಟೆ ಆ ನಡುಗೋಡೆಗೇ ಅಂಟಿಕೊಂಡಿತ್ತು. ಗೋಡೆಯ ಆ ಕಡೆ ಮಿಸ್ಟರ್ ಡಾಸನ್. ಐವತ್ತು ದಾಟಿದ ಒಂಟಿ ಮನುಷ್ಯ, ಎದುರಾದರೆ ತಲೆ ಆಡಿಸುವುದು ಬಿಟ್ಟರೆ ಮಾತಿಲ್ಲ. ದಿನಾ ಸಂಜೆ ಕಾರು ತೆಗೆದುಕೊಂಡು ಹೊರಟುಹೋಗುತ್ತಿದ್ದ. ಕುಡಿಯಲು ಹೋಗುತ್ತಾನೆ ಎಂದು ನಾನೇ ತೀರ್ಮಾನ ಮಾಡಿದ್ದೆ.

ನಾನು ಈ ಕಡೆ ರೊಟ್ಟಿ ಬಡಿದರೆ ಅವನು ಆ ಕಡೆಯಿಂದ ಗೋಡೆ ಕುಟ್ಟುವುದು ಶುರುವಾಯಿತು. ಅವನು ಕುಟ್ಟಿದರೆ ನಾನು ಇನ್ನೂ ಜೋರಾಗಿ ಬಡಿಯುತ್ತಿದ್ದೆ. ಬೇಕಿದ್ದಕ್ಕಿಂತ ಎರಡು ರೊಟ್ಟಿ ಹೆಚ್ಚೇ ಆಗುತ್ತಿದ್ದವು ಆ ದಿನಗಳಲ್ಲಿ. ಕೊನೆಗೆ ಕೌನ್ಸಿಲ್‌ನಿಂದ, ಅಂದರೆ ಇಲ್ಲಿನ ನಗರಸಭೆಯಿಂದ, ಸದ್ದು ವಿಚಾರಿಸುವ ಒಬ್ಬ ಹುಡುಗ ಬಂದ. ಮನೆಯೊಳಗೆ ಮರಗೆಲಸ ಏನಾದರೂ ನಡೆದಿದೆಯಾ ಎಂದು ಕೇಳಿದ. ನಾನು ಒಂದು ರೊಟ್ಟಿ ಬಡಿದು ತೋರಿಸಿದೆ. ಮಾವನವರು ಅವನನ್ನು ಕೂರಿಸಿ ಅದೇ ರೊಟ್ಟಿಗೆ ಬೆಣ್ಣೆ, ಶೇಂಗಾ ಹಿಂಡಿ, ಅಂದರೆ ಖಾರದ ಚಟ್ನಿಪುಡಿ, ಹಚ್ಚಿ ಕೊಟ್ಟರು. ಅವನು ಕೆಮ್ಮುತ್ತ, ಕಣ್ಣೀರು ಒರೆಸಿಕೊಳ್ಳುತ್ತ, ಸ್ವಲ್ಪ ಹೊತ್ತು ಗೊತ್ತು ನೋಡಿಕೊಂಡು ಮಾಡಿ ಎಂದು ಹೇಳಿ ಹೋದ.

ಅವನು ಗೇಟು ದಾಟುವ ಮೊದಲೇ ನಾನು ನಿರ್ಧರಿಸಿಬಿಟ್ಟಿದ್ದೆ. ಸಂಜೆ ಊಟಕ್ಕೆ ಕೂತಾಗ ಹೇಳಿದೆ, "ಈ ಮನೆ ಮಾರಿಬಿಡೋಣ."

"ಹಂಗಾರ ಹಂಗ," ಎಂದರು ನಮ್ಮವರು, ತಟ್ಟೆಯಿಂದ ತಲೆ ಎತ್ತದೆ.

ರೂಪಾ ಚಮಚ ಕೆಳಗಿಟ್ಟಳು. ಅವಳಿಗೆ ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ನಾಟ್ ಅಗೇನ್, ಅಮ್ಮಾ. ಪ್ಲೀಸ್. ಐ ಆಮ್ ನಾಟ್ ಚೇಂಜಿಂಗ್ ಸ್ಕೂಲ್ ಅಗೇನ್." ಎದ್ದು ಮೇಲೆ ಹೋಗಿ ಬಾಗಿಲು ಹಾಕಿಕೊಂಡಳು.

ಮಗಳ ಮಾತು ನನಗೆ ತಾಗಿತು, ಸುಳ್ಳು ಹೇಳುವುದಿಲ್ಲ. ಆದರೆ ತಾಗಿದಾಗ ಕೂತು ಯೋಚಿಸುವ ಬದಲು ಎದ್ದು ಪಾತ್ರೆ ತೊಳೆಯುವುದು ನನ್ನ ಪದ್ಧತಿ. ನೀರಿನ ಸದ್ದಿನ ಮೇಲೆ ಮಾವನವರಿಗೆ ಕೇಳುವಂತೆ ಹೇಳಿದೆ. "ನಾ ನಿಮ್ಮ ಮಹಾತ್ಮರ ಕಡೆಯವಳೇ ಮಾವಾರ. ಯಾರಿಗೂ ಹೊಡಿಯಂಗಿಲ್ಲ, ಬಡಿಯಂಗಿಲ್ಲ. ಜಗಳ ಬ್ಯಾಡ ಅಂತ ಸುಮ್ನ ಬಿಟ್ಟು ಹೊಂಟೀನಿ. ಇದು ಅಹಿಂಸಾ ಅಲ್ಲೇನು?"

"ಅಲ್ಲವಾ. ಅದು ಓಟ."

ಆಮೇಲೆ ಅವರು ಒಂದು ಕತೆ ಹೇಳಿದರು, ನಮ್ಮವರಿಗೂ ಅದುವರೆಗೆ ಗೊತ್ತಿಲ್ಲದ್ದು. ಚಲೇಜಾವ್ ಚಳವಳಿಯಲ್ಲಿ ಮಾವನವರು ಸಾಲೆ ಹುಡುಗ. ಎಲ್ಲರ ಜೊತೆ ಸೇರಿ ಅಂಚೆ ಕಚೇರಿಯ ದೀಪಕ್ಕೆ ಕಲ್ಲು ಒಗೆದು ಓಡಿದರು. ಓಡದೆ ನಿಂತವನು ಒಬ್ಬನೇ, ಕಲ್ಲೇ ಒಗೆಯದ ಒಬ್ಬ ಹುಡುಗ. ಪೊಲೀಸರು ಅವನನ್ನೇ ಹಿಡಿದು ಬಾರಿಸಿದರು. ಅವನು ಯಾರ ಹೆಸರನ್ನೂ ಹೇಳಲಿಲ್ಲ, ಕೈ ಎತ್ತಲಿಲ್ಲ, ಅಲ್ಲಿಂದ ಸರಿಯಲೂ ಇಲ್ಲ.

"ಕಲ್ಲು ಒಗದಿದ್ದು ನನಗೇನು ಅಷ್ಟು ಕಾಡಿಲ್ಲ. ಓಡಿದ್ದು ಕಾಡತೈತಿ," ಎಂದರು. "ಹೊಡಿಯೂದೊಂದು ದಾರಿ, ಓಡೂದೊಂದು ದಾರಿ. ಆ ಮಹಾತ್ಮ ತೋರಿಸಿದ್ದು ಮೂರನೇದ್ದು. ಹೊಡೀಬ್ಯಾಡ, ಜಾಗಾನೂ ಬಿಡಬ್ಯಾಡ. ಭಾಳ ತ್ರಾಸಿಂದು ಅದು. ನನಗ ಆಗಿಲ್ಲ."

ನನಗೆ ಸಿಟ್ಟು ಬಂತು. ಸತ್ಯಾಗ್ರಹಕ್ಕೂ ಹ್ಯಾರೋದಲ್ಲಿ ಮನೆ ಮಾರುವುದಕ್ಕೂ ಏನು ಸಂಬಂಧ? ಮರುದಿನ ನನ್ನ ಗೆಳತಿ ಲಿಲ್ಲಿಯ ಮುಂದೆ ಹೋಗಿ ದೂರಿದೆ. ಲಿಲ್ಲಿ ಉಡುಪಿ ಕಡೆಯ ಕೊಂಕಣಿ ಕ್ರಿಶ್ಚಿಯನ್ನರ ಹುಡುಗಿ, ಆಸ್ಪತ್ರೆಯಲ್ಲಿ ನರ್ಸು, ನಾಲಿಗೆಯೂ ಇಂಜೆಕ್ಷನ್ನಿನ ಹಾಗೇ. "ಎಂತದು ಮಾರಾಯ್ತಿ, ಪುನಃ ಮನೆ ಬದಲ್ಸುದಾ? ಕ್ರಿಸ್‌ಮಸ್ ಕಾರ್ಡಿಗೆ ನಿನ್ನ ವಿಳಾಸ ಪೆನ್ಸಿಲಲ್ಲೇ ಬರೀತೇನೆ ನಾನು, ಅಳಿಸ್ಲಿಕ್ಕೆ ಸುಲಭ ಅಂತ," ಎಂದಳು. ಅವಳ ಮೇಲೂ ಸಿಟ್ಟು ಬಂತು. ಬರುವ ದಾರಿಯಲ್ಲೇ ಮನೆ ಮಾರಿಸುವ ಏಜೆಂಟನ ಅಂಗಡಿಗೆ ನುಗ್ಗಿ ಹೆಸರು ಬರೆಸಿದೆ. ಅಕ್ಟೋಬರಿನಲ್ಲಿ ಒಂದು ಶನಿವಾರ ಬಂದು ಕೋಣೆಗಳನ್ನು ಅಳೆದುಕೊಂಡು ಹೋಗುವುದಾಗಿ ಅವರು ಹೇಳಿದರು.

ಅಷ್ಟರಲ್ಲಿ ದಸರೆ ಬಂತು. ನಮ್ಮ ಉತ್ತರ ಕರ್ನಾಟಕದ ದಸರೆಯಲ್ಲಿ ಆನೆ ಅಂಬಾರಿ ಇಲ್ಲ, ಬನ್ನಿ ಇದೆ. ವಿಜಯದಶಮಿಯ ದಿನ ಬನ್ನಿ ಗಿಡದ ಎಲೆ ತಂದು, ಬಂಗಾರ ಎಂದು ಹೇಳಿ ಒಬ್ಬರಿಗೊಬ್ಬರು ಕೊಡುತ್ತೇವೆ. ಹಿರಿಯರ ಕೈಗಿಟ್ಟು ಕಾಲಿಗೆ ಬೀಳುತ್ತೇವೆ. ಎಲ್ಲಕ್ಕಿಂತ ಮುಖ್ಯವಾಗಿ, ಮಾತು ಬಿಟ್ಟವರ ಮನೆಗೆ ಆ ದಿನ ಹೋಗಲೇಬೇಕು. ಬನ್ನಿ ಕೊಟ್ಟು, ಇನ್ನು ಮೇಲೆ ಬಂಗಾರದ ಹಾಗೆ ಇರೋಣ ಎಂದರೆ ವರ್ಷದ ಜಗಳ ಅಲ್ಲಿಗೆ ಚುಕ್ತಾ. ಆ ದಿನ ಕೊಡಲು ಬಂದವರಿಗೆ ಬೇಡ ಎನ್ನುವ ಹಾಗಿಲ್ಲ. ಹೊಲದ ಬದುವಿಗಾಗಿ ಕೋರ್ಟು ಹತ್ತಿದ ಅಣ್ಣತಮ್ಮಂದಿರು ಆ ಒಂದು ಸಂಜೆ ಬಾಯಿ ಬಿಗಿದುಕೊಂಡೇ ಎಲೆ ಕೊಟ್ಟುಕೊಳ್ಳುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹ್ಯಾರೋದಲ್ಲಿ ಬನ್ನಿ ಎಲ್ಲಿಂದ ಬರಬೇಕು? ನಮ್ಮ ಕಡೆಯ ಕುಟುಂಬಗಳು ಬಾಡಿಗೆಯ ಹಾಲ್‌ನಲ್ಲಿ ಸೇರಿದಾಗ ಪಾರ್ಕಿನಲ್ಲಿ ಸಿಕ್ಕ ಯಾವುದೋ ಎಲೆಯನ್ನೇ ಬನ್ನಿ ಎಂದು ಕೊಟ್ಟುಕೊಳ್ಳುತ್ತಿದ್ದೆವು. ಆ ಬೆಳಿಗ್ಗೆ ನಾನು ಹೋಳಿಗೆಯ ಹೂರಣ ರುಬ್ಬುತ್ತಿದ್ದೆ. ಮಾವನವರು ಮಡಿ ಪಂಚೆ ಉಟ್ಟು, ಮೇಲೆ ನಮ್ಮವರ ಸ್ವೆಟರು ಹಾಕಿಕೊಂಡು ಹೊರಗೆ ಹೋದರು. ಕಿಟಕಿಯಿಂದ ಬಗ್ಗಿ ನೋಡುತ್ತೇನೆ, ಡಾಸನ್ನನ ಬಾಗಿಲ ಮುಂದೆ ನಿಂತಿದ್ದಾರೆ! ಕೈಯಲ್ಲಿ ಹಳದಿ ಎಲೆಯ ಗೊಂಚಲು. ಸಂಜೆಯಾದರೆ ಆ ಮನುಷ್ಯ ಸಿಗುವುದಿಲ್ಲವೆಂದು ಬೆಳಿಗ್ಗೆಯೇ ಹೊರಟಿದ್ದರು.

ಹೂರಣದ ಕೈಯಲ್ಲೇ ಓಡಿದೆ. ಅಷ್ಟರಲ್ಲಿ ಬಾಗಿಲು ತೆರೆದಿತ್ತು. ಡಾಸನ್ ಪಟ್ಟೆ ಪಟ್ಟೆಯ ಪೈಜಾಮದಲ್ಲಿ, ಕೂದಲು ಕೆದರಿ, ಕಣ್ಣು ಕೆಂಡದಂತೆ ಮಾಡಿಕೊಂಡು ನಿಂತಿದ್ದ. ಎಲೆ ನೋಡಿದ. ತಿರುಗಿ ತನ್ನ ಬೇಲಿ ನೋಡಿದ. ಅವನು ದಾರ ಹಿಡಿದು ನೇರವಾಗಿ ಕತ್ತರಿಸುತ್ತಿದ್ದ ಬೇಲಿ ಅದು, ಹಳದಿ ಎಲೆಯದು, ಬೀದಿಗೇ ಎದ್ದು ಕಾಣುವಂಥದು. ನಟ್ಟನಡುವೆ ಒಂದು ತೂತು.

"ಅದು ನನ್ನ ಬೇಲಿ," ಎಂದ ಇಂಗ್ಲಿಷಿನಲ್ಲಿ.

"ಯೆಸ್ ಸರ್," ಎಂದರು ಮಾವನವರು ಗಂಭೀರವಾಗಿ. "ಟುಡೇ ಇಟ್ ಈಸ್ ಗೋಲ್ಡ್."

ನಾನು ನೆಲಕ್ಕೆ ಇಳಿದುಹೋದೆ. ಕದಿಯುವುದೂ ಅವನದೇ, ಕೊಡುವುದೂ ಅವನಿಗೇ! ನಮ್ಮ ಊರಲ್ಲಾದರೆ ಬನ್ನಿ ಯಾರ ಬದುವಿನಲ್ಲಿದ್ದರೂ ಆ ದಿನ ಮುರಿದು ತರುವುದು ರೂಢಿ, ಗಿಡದ ಧಣಿ ಬ್ಯಾಡ ಅನ್ನುವುದಿಲ್ಲ. ಇದನ್ನೆಲ್ಲ ಇಂಗ್ಲಿಷಿನಲ್ಲಿ ಹೇಗೆ ವಿವರಿಸುವುದು? ಬಾಯಿಂದ ಸಾರಿ ಸಾರಿ ಎನ್ನುವುದಷ್ಟೇ ಹೊರಟಿತು. ಡಾಸನ್ ಎರಡೂ ಕೈಯಿಂದ ಮುಖ ಉಜ್ಜಿಕೊಂಡ. "ನೋಡಿ ಮೇಡಂ, ನಾನು ರಾತ್ರಿ ಪಾಳಿ. ಟ್ಯೂಬ್ ಹಳಿ ರಿಪೇರಿ ನನ್ನ ಕೆಲಸ. ಬೆಳಿಗ್ಗೆ ಬಂದು ಮಲಗುತ್ತೇನೆ. ನಾನು ಮಲಗಿದ ಮೇಲೆ ದಿನಾ ಗೋಡೆಗೆ ಸುತ್ತಿಗೆ. ಇವತ್ತು ಬೆಲ್ಲು," ಎಂದು ಬಾಗಿಲು ಹಾಕಿಕೊಂಡ. ಎಲೆ ಮಾವನವರ ಕೈಯಲ್ಲೇ ಉಳಿಯಿತು.

ಮನೆಯೊಳಗೆ ಬಂದು ಮಾವನವರು ಎಲೆಯ ಗೊಂಚಲನ್ನು ಮೇಜಿನ ಮೇಲಿಟ್ಟರು. ನಾವು ಹತ್ತಿ ತಿರುಗುವ ರೈಲಿನ ಹಳಿಯನ್ನು ಈ ಮನುಷ್ಯ ರಾತ್ರಿಯೆಲ್ಲ ನೆಟ್ಟಗೆ ಮಾಡುತ್ತಾನೆ, ಹಗಲು ನಾವು ಅವನಿಗೆ ನಿದ್ದೆ ಕೊಡುವುದಿಲ್ಲ ಎಂದಷ್ಟೇ ಆಮೇಲೆ ಹೇಳಿದರು. ನನ್ನ ತಲೆಯಲ್ಲಿ ಇದ್ದದ್ದು ಮಾತ್ರ ಆ ಬಾಗಿಲು. ಹಿರಿಯರು ಹಬ್ಬದ ದಿನ ಮನೆಗೆ ಹೋದರೆ ಮುಖದ ಮೇಲೆ ಬಾಗಿಲು ಹಾಕುವುದೇ? ಇವನಿಗಾಗಿ ನಾನು ಅಡುಗೆಯ ಹೊತ್ತು ಬದಲಿಸಬೇಕೇ? ಮರುದಿನ ಹನ್ನೊಂದಕ್ಕೆ ಸರಿಯಾಗಿ ಹಿಟ್ಟು ನಾದಿ ಕೂತೆ.

"ನೀ ಈಗ ಬಡದ್ರ ನಾ ತಿನ್ನಂಗಿಲ್ಲ," ಎಂದರು ಮಾವನವರು.

"ಇದೇನ್ರಿ ಮಾವಾರ, ಹಟಾ?"

"ಹಟ ಅಂದ್ರ ಮಂದೀಗೆ ಕಾಣೂಹಂಗ ಮಾಡೂದು. ನಾ ಅವಗ ಹೇಳ್ಯೇನೇನು? ನಿನಗರ ಬಡೀಬ್ಯಾಡ ಅಂದೇನೇನು? ನನ್ನ ಹೊಟ್ಟಿ, ನಾ ತಿನ್ನೂದಿಲ್ಲ, ಅಷ್ಟ."

ನಾನು ಮೊಂಡು ಬಿದ್ದು ಬಡಿದೆ. ಅವರು ಅಂಗಡಿಯ ಬ್ರೆಡ್ಡು ತಿಂದರು. ಅದರ ಮರುದಿನವೂ ಅಷ್ಟೇ. ಹತ್ತಿ ತಿಂದಂಗ ಆಗತೈತಿ ಎಂದು ಮುಖ ಕಿವುಚುತ್ತ, ನೀರು ಕುಡಿಯುತ್ತ ನುಂಗುವುದನ್ನು ನೋಡಲಾಗುತ್ತಿರಲಿಲ್ಲ. ತಿನ್ನುವವರೇ ಇಲ್ಲದೆ ಯಾರಿಗಾಗಿ ಬಡಿಯಲಿ? ಕೈ ತಾನಾಗಿ ನಿಂತಿತು. ಹೊತ್ತು ಬದಲಿಸಿ ಸಂಜೆ ಮಾಡುವುದಕ್ಕೆ ನನ್ನ ಹಮ್ಮು ಅಡ್ಡ ಬಂತು. ಹಾಗಾಗಿ ನಮ್ಮ ಮನೆಯಲ್ಲಿ ರೊಟ್ಟಿಯೇ ಇಲ್ಲ. ನಡುಗೋಡೆಯ ಎರಡೂ ಕಡೆ ಸದ್ದಿಲ್ಲ. ಆ ನಿಶ್ಶಬ್ದ ನನಗೆ ಸಹಿಸಲಾಗದೆ ಅಡುಗೆಮನೆಯಿಂದ ಹಾಲ್‌ಗೆ, ಹಾಲ್‌ನಿಂದ ಹಿತ್ತಲಿಗೆ ಸುಮ್ಮನೆ ತಿರುಗುತ್ತಿದ್ದೆ.

ಎರಡನೇ ವಾರ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಬೆಲ್ಲಾಯಿತು. ಬಾಗಿಲಲ್ಲಿ ಡಾಸನ್. ಕಿತ್ತಳೆ ಬಣ್ಣದ ಕೆಲಸದ ಕೋಟು, ಕೈಯಲ್ಲಿ ಟೋಪಿ. ಜಗಳಕ್ಕೇ ಬಂದ ಎಂದು ನಾನು ಸೊಂಟ ಕಟ್ಟುತ್ತಿದ್ದರೆ ಅವನು ತಗ್ಗಿದ ದನಿಯಲ್ಲಿ ಕೇಳಿದ: "ಆ ಹಿರಿಯರು ಆರಾಮಿದ್ದಾರಾ? ಬಹಳ ದಿನದಿಂದ ಸದ್ದೇ ಇಲ್ಲವಲ್ಲ, ಏನಾದರೂ ಆಯಿತೇನೋ ಅಂತ..."

ಒಳಗಿನಿಂದ ಮಾವನವರೇ ಬಂದರು.

"ಐ ಆಮ್ ಫೈನ್. ಐ ಆಮ್ ಈಟಿಂಗ್ ಬ್ರೆಡ್."

"ಯಾಕೆ?" ಎಂದ ಡಾಸನ್.

"ಯು ಆರ್ ಸ್ಲೀಪಿಂಗ್."

ಆಮೇಲೆ ನಾನು ಅವನನ್ನು ಒಳಗೆ ಕರೆದೆ. ಮಣೆ ತೋರಿಸಿದೆ, ಹಿಟ್ಟು ತೋರಿಸಿದೆ. ನಾನು ಮೂರಕ್ಕೆ ಏಳುತ್ತೇನೆ, ಆಮೇಲೆ ನೀವು ಗೋಡೆ ಕೆಡವಿದರೂ ನನಗೇನೂ ಇಲ್ಲ ಎಂದ. ಎಲೆಯ ವಿಷಯವನ್ನೂ ಕೇಳಿದ. ಜಗಳ ಇದ್ದವರಿಗೆ ಕೊಡುವುದು ಎಂದು ಮಾವನವರು ವಿವರಿಸಿದರು. ನಮ್ಮಿಬ್ಬರಿಗೆ ಜಗಳ ಇತ್ತಾ ಎಂದು ಅವನು ಅಚ್ಚರಿಪಟ್ಟ. "ಎ ಲಿಟಲ್," ಎಂದರು ಮಾವನವರು, ಬೆರಳಿನಲ್ಲಿ ಅಳತೆ ತೋರಿಸಿ. ನಾನು ಪಕ್ಕಕ್ಕೆ ತಿರುಗಿ ಕಣ್ಣು ಒರೆಸಿಕೊಂಡೆ. ಅವತ್ತು ನಾಲ್ಕು ಗಂಟೆಗೆ ರೊಟ್ಟಿಯಾಯಿತು, ಮಾವನವರು ಎರಡು ರೊಟ್ಟಿ ಹೆಚ್ಚೇ ಉಂಡರು.

ಇಲ್ಲಿಗೆ ಮುಗಿಯಿತಲ್ಲ ಎನ್ನುತ್ತೀರಿ. ನಮ್ಮ ಮನೆಯವರೂ ಹಾಗೇ ತಿಳಿದಿದ್ದರು. ಆದರೆ ನಾನು ಏಜೆಂಟನಿಗೆ ಬರಬೇಡ ಎಂದು ಹೇಳಿರಲಿಲ್ಲ. ಫೋನಿನ ಹತ್ತಿರ ಹೋಗುತ್ತಿದ್ದೆ, ವಾಪಸು ಬರುತ್ತಿದ್ದೆ. ಡಾಸನ್ ಸರಿಹೋದ, ಸರಿ. ಅಡುಗೆಮನೆಗೆ ಬಿಸಿಲು ಬರುವುದಿಲ್ಲವಲ್ಲ? ಸ್ಟೇಷನ್ ಸ್ವಲ್ಪ ದೂರವಲ್ಲವೇ? ಕಾರಣಗಳು ಒಂದರ ಹಿಂದೊಂದು ತಾವಾಗಿ ಬಂದು ಸಾಲಾಗಿ ನಿಲ್ಲುತ್ತಿದ್ದವು. ನನಗೇ ದಿಗಿಲಾಗುತ್ತಿತ್ತು.

ಶನಿವಾರ ಬಂದೇ ಬಿಟ್ಟಿತು. ಸೂಟು ಹಾಕಿದ ತರುಣ, ಕೈಯಲ್ಲಿ ಅಳತೆಯ ಟೇಪು. ಹಾಲ್ ಅಳೆದ, ಅಡುಗೆಮನೆ ಅಳೆದ. ಪಕ್ಕದವರು ಹೇಗೆ ಎಂದು ಕೇಳಿದ, ಬಹಳ ಒಳ್ಳೆಯವರು ಎಂದೆ. ಮೇಲಿನ ಕೋಣೆಗಳನ್ನು ನೋಡೋಣ ಎಂದು ಹೊರಟರೆ ಮೆಟ್ಟಿಲ ಮಧ್ಯದಲ್ಲಿ ರೂಪಾ ಕೂತಿದ್ದಾಳೆ. ಗೋಡೆಯಿಂದ ಕಟಕಟೆಯವರೆಗೆ ಯಾರೂ ದಾಟದ ಹಾಗೆ ಮಂಡಿ ಅಗಲಿಸಿಕೊಂಡು.

"ಎಕ್ಸ್‌ಕ್ಯೂಸ್ ಮಿ," ಎಂದ ಅವನು.

"ಸಾರಿ," ಎಂದಳು ರೂಪಾ ಬಹಳ ವಿನಯದಿಂದ. ಅಲುಗಾಡಲಿಲ್ಲ.

"ಏಳು ರೂಪಾ, ಮಂದಿ ಮುಂದ ಮರ್ಯಾದಿ ಕಳೀಬ್ಯಾಡ."

"ಸಾರಿ, ಅಮ್ಮಾ."

ಕೋಣೆಯಲ್ಲಿ ಪೇಪರು ಹಿಡಿದಿದ್ದ ಮಾವನವರ ಕಡೆ ತಿರುಗಿದೆ. "ಮಾವಾರ, ನೀವರ ಹೇಳ್ರಿ ಇಕೀಗೆ."

"ನಾ ಏನೂ ಕಲಿಸಿಲ್ಲವಾ. ಖರೇನ ಹೇಳ್ತೀನಿ," ಎಂದರು ಅವರು. ಪೇಪರು ತಲೆಕೆಳಗಾಗಿತ್ತು.

ರಟ್ಟೆ ಹಿಡಿದು ಎಬ್ಬಿಸಬಹುದಿತ್ತು. ಅವಳು ಒದೆಯುತ್ತಿರಲಿಲ್ಲ, ಕಿರುಚುತ್ತಿರಲಿಲ್ಲ, ಅದು ನನಗೆ ಗೊತ್ತಿತ್ತು. ಅವಳ ಮುಖದಲ್ಲಿ ಒಂದಿಷ್ಟು ಸಿಟ್ಟು ಕಂಡಿದ್ದರೂ ನನಗೆ ಮುಂದಿನ ದಾರಿ ಸುಲಭವಾಗುತ್ತಿತ್ತು. ಸಿಟ್ಟಿರಲಿಲ್ಲ. ಅತ್ತು ಅತ್ತು ಕಣ್ಣು ಊದಿದ್ದವು, ಅಷ್ಟೆ.

"ಅಮ್ಮಾ, ಹಿ ಈಸ್ ನೈಸ್ ನೌ," ಎಂದಳು ಗೋಡೆಯ ಕಡೆ ಕೈ ತೋರಿಸಿ. ಆಮೇಲೆ, ನನಗೆ ಚೆನ್ನಾಗಿ ಅರ್ಥವಾಗಲಿ ಎಂದೋ ಏನೋ, ತಡವರಿಸುತ್ತ ಕನ್ನಡದಲ್ಲಿ ಕೇಳಿದಳು. "ನಿನಗ ಎಲ್ಲಿಗೆ ಹೋಗಬೇಕು?"

ಬಾಯಿ ತೆರೆದೆ. ಒಂದು ಊರಿನ ಹೆಸರೂ ಬರಲಿಲ್ಲ. ಬಿಟ್ಟು ಬಂದ ಊರುಗಳು ಎಷ್ಟೋ ಇದ್ದವು, ಹೋಗಬೇಕಾದದ್ದು ಒಂದೂ ಇರಲಿಲ್ಲ. ಹುಟ್ಟಿದಾಗಿನಿಂದ ಯಾರೂ ನನ್ನನ್ನು ಈ ಪ್ರಶ್ನೆ ಕೇಳಿರಲಿಲ್ಲ, ಯಾಕೆ ಬಿಟ್ಟೆ ಎಂದಷ್ಟೇ ಕೇಳುತ್ತಿದ್ದರು.

ರೂಪಾ ನನ್ನ ಮುಖ ನೋಡುತ್ತಿದ್ದವಳು ಮೆಲ್ಲಗೆ ಒಂದು ಪಕ್ಕಕ್ಕೆ ಸರಿದಳು. ದಾರಿ ಸಿಕ್ಕಿತೆಂದು ಏಜೆಂಟ್ ಒಂದು ಹೆಜ್ಜೆ ಮುಂದಿಟ್ಟ. ಅವಳು ಜಾಗ ಮಾಡಿದ್ದು ನನಗೆ. ಹೋಗಿ ಅವಳ ಪಕ್ಕದಲ್ಲಿ ಕೂತೆ. ಆಮೇಲೆ ಯಾರಿಗೂ ಮೇಲೆ ಹೋಗಲು ಜಾಗವಿರಲಿಲ್ಲ.